ಒತ್ತಕ್ಷರ ಒಡೆಯದಂತೆ ನೋಡಿಕೊಳ್ಳುವ ಸಾಫ್ಟ್‌ವೇರ್

ಶಿವಮೊಗ್ಗದಲ್ಲಿ ಕನ್ನಡ ಮತ್ತು ಕಂಪ್ಯೂಟರ್ ಓದುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಊರಿನ ಪ್ರಿಂಟಿಂಗ್ ಪ್ರೆಸ್‌ನವರು, ಡಿಟಿಪಿ ಮಾಡುವವರು ಕೂಡ ಬಂದಿದ್ದರು. ಅವರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಆಯಾ ಜಾಗದಲ್ಲೇ ಸೇರಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಎಂಬ ಹೆಸರನ್ನು ತೆಗೆದುಕೊಳ್ಳೋಣ. ಬಾಯಲ್ಲಿ ಎಣಿಸಿದರೆ ನಾಲ್ಕು ಅಕ್ಷರ. ತೀ, ರ್ಥ, ಹ, ಳ್ಳಿ. ಕಂಪ್ಯೂಟರಿನ ಒಳಗೆ ಅದು, ಲಿಪಿಗಳ ಒಂದೊಂದು ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯ 10 ಸಂಕೇತಗಳ ಸಾಲು: ತ, ದೀರ್ಘದ ಗುಡಿಸು, ರ, ಹಲಂತ (ವ್ಯಂಜನದ ಅಕಾರ ತೆಗೆಯುವ ಚಿಹ್ನೆ), ಥ, ಹ, ಳ, ಹಲಂತ, ಇನ್ನೊಂದು ಳ, ಕೊನೆಗೆ ಗುಡಿಸು. ನಾವು ಉಚ್ಚರಿಸುವ ಕ್ರಮದಲ್ಲೇ ಅವು ಕೂತಿರುತ್ತವೆ.

ಈಗ ಇದನ್ನು ತೆರೆಯ ಮೇಲೆ ಬರೆಯಬೇಕು. ಸಾಲಿನಲ್ಲಿ ರ ಮೊದಲು ಬಂದಿದೆ, ಥ ಆಮೇಲೆ. ಆದರೆ ಬರೆಯುವಾಗ ಥ ಮೊದಲು ಬರುತ್ತದೆ, ಅದರ ಬಲಕ್ಕೆ ಅರ್ಕಾವತ್ತು. ಕೊನೆಯ ಗುಡಿಸು ಎರಡನೇ ಳ ಆದಮೇಲೆ ಬಂದಿದೆ. ಆದರೆ ಅದು ಕೂರಬೇಕಾದ್ದು ಮೊದಲನೇ ಳದ ತಲೆ ಮೇಲೆ. ಎರಡನೇ ಳ ಒತ್ತಾಗಿ ಕೆಳಗೆ ಇಳಿಯಬೇಕು. ಒಂದನೇ ತರಗತಿಯ ಮಗುವಿಗೆ ಇದನ್ನು ಕಲಿಸಲು ನಾವು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತೇವೆ. ಕಂಪ್ಯೂಟರಿಗೂ ಯಾರೋ ಕೂತು ಕಲಿಸಬೇಕು, ಅಲ್ವಾ?

ಕಲಿಸಿದವರು ಇದ್ದಾರೆ. ಅವರ ಕೆಲಸ ಎಲ್ಲರಿಗೂ ತೆರೆದಿದೆ. ಅದರಲ್ಲಿ ಎರಡು ಸಾಫ್ಟ್‌ವೇರ್ ಲೈಬ್ರರಿಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಒಂದು ಪ್ಯಾಂಗೊ, ಇನ್ನೊಂದು ಹಾರ್ಫ್‌ಬಝ್. ಲೈಬ್ರರಿ ಅಂದರೆ ನೀವು ನೇರವಾಗಿ ತೆರೆದು ಬಳಸುವ ಆ್ಯಪ್ ಅಲ್ಲ. ಬೇರೆ ಆ್ಯಪ್‌ಗಳು ತಮ್ಮೊಳಗೆ ಸೇರಿಸಿಕೊಂಡು ಕೆಲಸ ಮಾಡಿಸಿಕೊಳ್ಳುವ ಸಾಫ್ಟ್‌ವೇರ್. ಹಾಗಾಗಿಯೇ ಇವುಗಳ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಒಂದು ಕನ್ನಡ ಸಂದೇಶ ಓದಿದರೂ ಸಾಕು, ಹಾರ್ಫ್‌ಬಝ್ ಕೆಲಸ ಮಾಡಿರುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅದೇ ಇದೆ. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್, ಚಿತ್ರ ತಿದ್ದುವ ಗಿಂಪ್, ಡಿಸೈನ್ ಮಾಡುವ ಇಂಕ್‌ಸ್ಕೇಪ್ ಇವುಗಳಲ್ಲಿ ಅಕ್ಷರ ಮೂಡಿಸುವ ಹೊಣೆ ಪ್ಯಾಂಗೊದ್ದು. ವಿಂಡೋಸ್ ಮತ್ತು ಆಪಲ್‌ನ ಫೋನ್, ಕಂಪ್ಯೂಟರುಗಳು ಈ ಕೆಲಸಕ್ಕೆ ತಮ್ಮದೇ ಸಾಫ್ಟ್‌ವೇರ್ ಇಟ್ಟುಕೊಂಡಿವೆ. ಅವುಗಳ ಒಳಗನ್ನು ನಾವು ನೋಡಲು ಆಗುವುದಿಲ್ಲ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಪ್ಯಾಂಗೊ ಶುರುವಾಗಿದ್ದು 1990ರ ದಶಕದ ಕೊನೆಗೆ. ರೆಡ್ ಹ್ಯಾಟ್‌ನಲ್ಲಿದ್ದ ಓವೆನ್ ಟೇಲರ್ ಅದರ ಮುಖ್ಯ ಕರ್ತೃ. 2002ರಲ್ಲಿ, ಆ್ಯಪ್ಗಳ ಕಿಟಕಿ, ಬಟನ್ ಕಟ್ಟಿಕೊಡುವ ಜಿಟಿಕೆ ಲೈಬ್ರರಿಯ 2.0 ಆವೃತ್ತಿಯ ಜೊತೆಗೆ ಪ್ಯಾಂಗೊ 1.0 ಹೊರಬಂತು. ಆಗ ಕನ್ನಡ ಓದಲು ಬರೆಯಲು ನಮ್ಮಲ್ಲಿ ಹೆಚ್ಚಿನವರು ಬಳಸುತ್ತಿದ್ದುದು ಹಳೆಯ ಪದ್ಧತಿಯ ಫಾಂಟುಗಳನ್ನು. ಅಲ್ಲಿ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಹುಡುಕಲೂ ಆಗದು, ಅಕಾರಾದಿಯಲ್ಲಿ ಜೋಡಿಸಲೂ ಆಗದು. ಇಲ್ಲಿರುವ ಪ್ರೆಸ್‌ನವರ ಹಳೇ ಸಿಡಿಗಳಲ್ಲಿ ಇಂಥ ಫೈಲುಗಳು ಇವತ್ತಿಗೂ ಇರುತ್ತವೆ. ಆ ಕಾಲಕ್ಕೆ ಆ ಪದ್ಧತಿ ನಮಗೆ ಬಹಳ ಉಪಕಾರ ಮಾಡಿದೆ, ಅದನ್ನು ಕಡೆಗಣಿಸಬಾರದು. ಆದರೆ ಯೂನಿಕೋಡ್ ಬೇರೆ ದಾರಿ ಹಿಡಿಯಿತು. ಫೈಲಿನಲ್ಲಿ ಬರೀ ಭಾಷೆ ಇರಲಿ, ಆಕಾರದ ಚಿಂತೆಯನ್ನು ಬೇರೆಯವರು ಮಾಡಲಿ ಎಂದಿತು. ಆ ಬೇರೆಯವರ ಕೆಲಸಕ್ಕೇ ಇಂಗ್ಲಿಷಿನಲ್ಲಿ ಶೇಪಿಂಗ್ ಎನ್ನುತ್ತಾರೆ.

ಹಾರ್ಫ್‌ಬಝ್‌ನ ಬೇರು ಫ್ರೀಟೈಪ್ ಎಂಬ ಇನ್ನೊಂದು ಮುಕ್ತ ಯೋಜನೆಯಲ್ಲಿದೆ. ಅಲ್ಲಿದ್ದ ಕೋಡನ್ನು ಪ್ಯಾಂಗೊದವರೂ, ಜಿಟಿಕೆಯಂಥದ್ದೇ ಇನ್ನೊಂದು ಲೈಬ್ರರಿಯಾದ ಕ್ಯೂಟಿಯವರೂ ಬೇರೆ ಬೇರೆಯಾಗಿ ತೆಗೆದುಕೊಂಡು ಬೆಳೆಸಿದ್ದರು. ಎರಡು ಕಡೆ ಒಂದೇ ಕೆಲಸ ಯಾಕೆ ಎಂದು ಒಟ್ಟುಗೂಡಿಸಿದರು. ಆಮೇಲೆ ಬೆಹದಾದ್ ಎಸ್ಫಹ್ಬೋದ್ ಎಂಬ ಪ್ರೋಗ್ರಾಮರ್ ಅದನ್ನು ಬುಡದಿಂದ ಹೊಸದಾಗಿ ಬರೆದರು. 2012ರಿಂದ ಪ್ಯಾಂಗೊ ತನ್ನ ಬಳಿಯಿದ್ದ ಕನ್ನಡ ಮತ್ತಿತರ ಲಿಪಿಗಳ ಶೇಪಿಂಗ್ ಕೆಲಸವನ್ನು ಹಾರ್ಫ್‌ಬಝ್‌ಗೆ ಒಪ್ಪಿಸಿತು. ಚರಿತ್ರೆ ಇಷ್ಟು ಸಾಕು. ಕೆಲಸ ಹೇಗೆ ನಡೆಯುತ್ತದೆ ಅನ್ನುವುದೇ ಹೆಚ್ಚು ಸ್ವಾರಸ್ಯದ್ದು.

ಒಂದು ಮದುವೆ ಕರೆಯೋಲೆ ಇದೆ ಅಂದುಕೊಳ್ಳಿ. ಶಿವಮೊಗ್ಗದಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಇರುವ ಕರೆಯೋಲೆ ಹೊಸದೇನಲ್ಲ. ಅದನ್ನು ಪ್ಯಾಂಗೊಗೆ ಕೊಟ್ಟರೆ ಮೊದಲು ಅದು ಸಾಲನ್ನು ತುಂಡು ಮಾಡುತ್ತದೆ. ಎಲ್ಲಿ ಲಿಪಿ ಬದಲಾಯಿತು, ಎಲ್ಲಿ ದಿಕ್ಕು ಬದಲಾಯಿತು, ಎಲ್ಲಿ ಫಾಂಟ್ ಬದಲಾಗಬೇಕು ಎಂದು ನೋಡುತ್ತದೆ. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ. ಆ ಉರ್ದುವಿನ ನಡುವೆ ತಾರೀಕು ಬಂದರೆ ಅಂಕಿಗಳು ಮಾತ್ರ ಎಡದಿಂದ ಬಲಕ್ಕೆ. ಈ ದಿಕ್ಕಿನ ಲೆಕ್ಕಕ್ಕೆ ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿಯ ನೆರವು ಇದೆ. ನೀವು ಆರಿಸಿದ ಫಾಂಟಿನಲ್ಲಿ ಉರ್ದು ಅಕ್ಷರ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿರುವ ಬೇರೆ ಫಾಂಟನ್ನು ಹುಡುಕುತ್ತದೆ. ಎಲ್ಲೂ ಸಿಗದಿದ್ದರೆ ಒಂದು ಚೌಕದೊಳಗೆ ಆ ಅಕ್ಷರದ ಯೂನಿಕೋಡ್ ಸಂಖ್ಯೆಯನ್ನು ಬರೆದು ತೋರಿಸುತ್ತದೆ. ಸುಮ್ನೆ ಖಾಲಿ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಏನು ಸಿಗಲಿಲ್ಲ ಎಂದು ನಮಗೆ ಗೊತ್ತಾಗುತ್ತದೆ.

ಹೀಗೆ ಬೇರ್ಪಟ್ಟ ಒಂದೊಂದು ತುಂಡೂ ಹಾರ್ಫ್‌ಬಝ್ ಕೈಗೆ ಹೋಗುತ್ತದೆ. ಅದರ ಕೆಲಸವನ್ನು ಪ್ರೆಸ್‌ನವರಿಗೆ ಸುಲಭವಾಗಿ ಹೇಳಬಹುದು. ಹಿಂದೆ ಸೀಸದ ಮೊಳೆ ಜೋಡಿಸುತ್ತಿದ್ದವರು ಮಾಡುತ್ತಿದ್ದ ಕೆಲಸವೇ ಅದು. ಹಸ್ತಪ್ರತಿ ನೋಡಿ, ಯಾವ ಖಾನೆಯ ಯಾವ ಮೊಳೆ, ಒತ್ತಿನ ಮೊಳೆ ಎಲ್ಲಿ ಕೂರಬೇಕು ಎಂದು ಅವರು ತೀರ್ಮಾನಿಸುತ್ತಿದ್ದರು. ಹಾರ್ಫ್‌ಬಝ್ ಕೂಡ ಅಕ್ಷರಗಳನ್ನು ಬಿಡಿಸುವುದಿಲ್ಲ. ಫಾಂಟಿನೊಳಗಿನ ಎಷ್ಟನೇ ಆಕಾರ, ಎಲ್ಲಿ, ಎಷ್ಟು ಜಾಗ ಬಿಟ್ಟು ಎಂಬ ಪಟ್ಟಿ ಕೊಡುತ್ತದೆ ಅಷ್ಟೆ. ತೆರೆಯ ಮೇಲೆ ಬಿಡಿಸುವುದು ಕೈರೊ ಎಂಬ ಬೇರೆ ಲೈಬ್ರರಿ.

ಆ ಪಟ್ಟಿ ಹೇಗೆ ತಯಾರಾಗುತ್ತದೆ? ಮೊದಲು ಸಂಕೇತಗಳ ಸಾಲನ್ನು ಅಕ್ಷರ ಅಕ್ಷರವಾಗಿ ಒಡೆಯುತ್ತದೆ. ವ್ಯಂಜನ, ಹಲಂತ, ವ್ಯಂಜನ, ಸ್ವರಚಿಹ್ನೆ ಹೀಗೆ ಯಾವ ಕ್ರಮ ಸರಿ ಎಂಬ ವ್ಯಾಕರಣ ಅದರೊಳಗಿದೆ. ಕ್ರಮ ತಪ್ಪಿದ್ದರೆ ಚುಕ್ಕಿಗಳಿಂದ ಮಾಡಿದ ಒಂದು ಸೊನ್ನೆ ಕಾಣಿಸುತ್ತದೆ. ಪದದ ಮೊದಲಿಗೇ ಬರೀ ಗುಡಿಸು ಟೈಪ್ ಮಾಡಿ ನೋಡಿ, ಆ ಸೊನ್ನೆ ಬರುತ್ತದೆ. ಅದು ಫಾಂಟಿನ ದೋಷ ಅಲ್ಲ, ಟೈಪ್ ಮಾಡಿದ್ದರಲ್ಲಿ ಏನೋ ತಪ್ಪಿದೆ ಎಂಬ ಸೂಚನೆ. ಕರಡು ತಿದ್ದುವವರು ಇದನ್ನು ನೆನಪಿಟ್ಟುಕೊಂಡರೆ ಎಷ್ಟೋ ಸಮಯ ಉಳಿಯುತ್ತದೆ.

ಅಕ್ಷರ ಸಿಕ್ಕಮೇಲೆ ಅದರ ಮುಖ್ಯ ವ್ಯಂಜನ ಯಾವುದು ಎಂದು ಹುಡುಕಿ, ಉಳಿದದ್ದನ್ನು ಹಿಂದೆ ಮುಂದೆ ಸರಿಸುತ್ತದೆ. ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ದೇವನಾಗರಿ, ಬಂಗಾಳಿ, ಗುರುಮುಖಿ, ಗುಜರಾತಿ, ಒಡಿಯಾ, ತಮಿಳು, ತೆಲುಗು, ಕನ್ನಡ, ಮಲಯಾಳಂ ಈ ಒಂಬತ್ತಕ್ಕೂ ಹಾರ್ಫ್‌ಬಝ್‌ನಲ್ಲಿ ಒಂದೇ ಕೋಡ್. ಲಿಪಿಯಿಂದ ಲಿಪಿಗೆ ಇರುವ ವ್ಯತ್ಯಾಸವನ್ನು ಒಂದು ಚಿಕ್ಕ ಕೋಷ್ಟಕದಲ್ಲಿ ಬರೆದಿಟ್ಟಿದ್ದಾರೆ. ಕನ್ನಡದ ಸಾಲು ಹೇಳುವುದು: ರ ಮತ್ತು ಹಲಂತ ಮೊದಲು ಬಂದರೆ ತಾನಾಗಿಯೇ ಅರ್ಕಾವತ್ತು ಮಾಡು, ಅದನ್ನು ಹಿಂದಕ್ಕೆ ಒಯ್ಯಿ. ತೆಲುಗಿನ ಸಾಲು ಹಾಗೆ ಹೇಳುವುದಿಲ್ಲ. ನೋಡಲು ಅಣ್ಣತಮ್ಮಂದಿರಂತಿರುವ ಎರಡು ಲಿಪಿ. ಆದರೂ ಸೂರ್ಯ ಎಂದು ತೆಲುಗಿನಲ್ಲಿ ಬರೆದರೆ ರ ಹಾಗೇ ನಿಂತು ಅದಕ್ಕೆ ಯ ಒತ್ತು ಬರುತ್ತದೆ. ಕನ್ನಡದಲ್ಲಿ ಯ ನಿಂತು ಅರ್ಕಾವತ್ತು ಬರುತ್ತದೆ. ಎರಡು ಲಿಪಿಗಳ ಬರವಣಿಗೆಯ ಅಭ್ಯಾಸ ಒಂದು ಕೋಷ್ಟಕದ ಒಂದು ಖಾನೆಯಲ್ಲಿ ಕೂತಿದೆ. ಅದನ್ನು ಮೊದಲ ಸಲ ಓದಿದಾಗ ನನಗೆ ಬಹಳ ಖುಷಿಯಾಯಿತು. ಕನ್ನಡ ಓದುವ ವಿದ್ಯಾರ್ಥಿಗಳು ಇದನ್ನು ಖಂಡಿತ ನೋಡಬೇಕು. ಪ್ರೋಗ್ರಾಮಿಂಗ್ ಬಾರದವರಿಗೂ ಆ ಕೋಷ್ಟಕ ಅರ್ಥವಾಗುತ್ತದೆ.

ಹಾಗಾದರೆ ನಮಗೆ ಅರ್ಕಾವತ್ತು ಬೇಡ ಅನಿಸಿದರೆ? ರ‍್ಯಾಂಕ್, ರ‍್ಯಾಲಿ ಎಂದು ಪತ್ರಿಕೆಗಳು ಬರೆಯುತ್ತವಲ್ಲ, ಅಲ್ಲಿ ರ ಉಳಿದು ಯ ಒತ್ತಾಗಬೇಕು. ಅದಕ್ಕೆ ಯೂನಿಕೋಡ್ ಒಂದು ದಾರಿ ಇಟ್ಟಿದೆ. ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಹಾಕಬೇಕು. ಹಾರ್ಫ್‌ಬಝ್ ಅದನ್ನು ಕಂಡರೆ ಅರ್ಕಾವತ್ತು ಮಾಡುವುದಿಲ್ಲ. ಇದು ಇಂಗ್ಲಿಷ್ ಪದಗಳಿಗೆ ಮಾತ್ರ ಬೇಕಾದದ್ದು ಅಂದುಕೊಳ್ಳಬೇಡಿ. ನಮ್ಮ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೆಲೆಸಿದ ಭಾಷಾ ವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಮುಂದಿಟ್ಟ ಹೊಸಬರಹದಲ್ಲಿ ಅರ್ಕಾವತ್ತನ್ನು ಬಿಟ್ಟು ರ‍್ ಎಂದೇ ಬರೆಯುತ್ತಾರೆ. ಆ ಬರಹವನ್ನು ನೀವು ಒಪ್ಪಿ, ಬಿಡಿ. ಹಾಗೆ ಬರೆಯಬೇಕು ಅನ್ನುವವರಿಗೆ ಸಾಫ್ಟ್‌ವೇರ್ ಅಡ್ಡ ಬರಬಾರದು. ಎರಡೂ ಬಗೆಯನ್ನು ಅದು ಬರೆದು ತೋರಿಸುತ್ತದೆ ಅನ್ನುವುದೇ ನನಗೆ ಮುಖ್ಯ.

ಆದರೆ ಆ ಕಾಣದ ಚಿಹ್ನೆಯಿಂದ ತೊಂದರೆಯೂ ಇದೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಪದಗಳು ಕಂಪ್ಯೂಟರಿಗೆ ಬೇರೆ ಬೇರೆ ಆಗಬಹುದು. ಹುಡುಕಿದರೆ ಸಿಗುವುದಿಲ್ಲ. ಶಿವಮೊಗ್ಗದ ಮೊ ಕೂಡ ಹಾಗೇ. ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ ಕಾರದ ಚಿಹ್ನೆ ಮತ್ತು ಊ ಕಾರದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಎರಡೂ ಒಂದೇ ಎಂದು ಯೂನಿಕೋಡ್ ಹೇಳುತ್ತದೆ, ಹಾರ್ಫ್‌ಬಝ್ ಎರಡನ್ನೂ ಒಂದೇ ಥರ ತೋರಿಸುತ್ತದೆ. ಹುಡುಕುವ ಸಾಫ್ಟ್‌ವೇರ್ ಬರೆದವರು ಮಾತ್ರ ಇದನ್ನು ಮರೆಯುತ್ತಾರೆ. ಕಂಪ್ಯೂಟರ್ ವಿದ್ಯಾರ್ಥಿಗಳೇ, ನೀವು ಡೇಟಾಬೇಸ್ ಕಟ್ಟುವಾಗ ಕನ್ನಡದ ಹೆಸರುಗಳನ್ನು ಮೊದಲು ಒಂದೇ ರೂಪಕ್ಕೆ ತಂದು ಆಮೇಲೆ ಒಳಗೆ ಹಾಕಿ.

ಈಗ ಡಿಟಿಪಿಯವರೊಬ್ಬರು ಕೇಳಿದ ಪ್ರಶ್ನೆ. ಕೆಲವು ಆ್ಯಪ್‌ಗಳಲ್ಲಿ ಒತ್ತಿನ ಕೆಳಭಾಗ ಕತ್ತರಿಸಿ ಹೋಗುತ್ತದಲ್ಲ, ಯಾಕೆ ಎಂದರು. ಇದು ನನ್ನನ್ನು ಬಹಳ ಕಾಡುವ ವಿಷಯ. ರಾಷ್ಟ್ರ, ಸ್ತ್ರೀ, ಶಾಸ್ತ್ರ ಇವುಗಳಲ್ಲಿ ಎರಡೆರಡು ಒತ್ತು ಇವೆ. ಕೆಲವು ಫಾಂಟುಗಳು ಎರಡನ್ನೂ ಒಂದರ ಕೆಳಗೆ ಒಂದು ಇಳಿಸುತ್ತವೆ, ಕೆಲವು ಬಲಕ್ಕೆ ಸರಿಸುತ್ತವೆ. ಹೇಗಿದ್ದರೂ ಇಂಗ್ಲಿಷ್ ಸಾಲಿಗಿಂತ ಕನ್ನಡದ ಸಾಲಿಗೆ ಕೆಳಗೆ ಜಾಸ್ತಿ ಜಾಗ ಬೇಕು. ಪ್ಯಾಂಗೊ ಯಾವುದೇ ಸಾಲಿಗೆ ಎರಡು ಅಳತೆ ಕೊಡುತ್ತದೆ. ಒಂದು, ಫಾಂಟಿನ ಲೆಕ್ಕದಲ್ಲಿ ಸಾಲು ಎಷ್ಟು ಎತ್ತರ ಇರಬೇಕು ಎಂಬುದು. ಇನ್ನೊಂದು, ನಿಜವಾಗಿ ಮಸಿ ಎಲ್ಲಿಂದ ಎಲ್ಲಿಯವರೆಗೆ ಬೀಳುತ್ತದೆ ಎಂಬುದು. ಈ ಎರಡನೇ ಅಳತೆಯನ್ನು ಕೇಳದೆ, ಬಟನ್ನಿನ ಎತ್ತರ ಇಷ್ಟೇ ಎಂದು ಮೊದಲೇ ಗಟ್ಟಿಮಾಡಿದರೆ ಒತ್ತು ಕತ್ತರಿಸುತ್ತದೆ. ಲೈಬ್ರರಿ ಸರಿಯಾಗಿಯೇ ಹೇಳಿರುತ್ತದೆ. ಕೇಳಿಸಿಕೊಳ್ಳಬೇಕಾದ ಆ್ಯಪ್ ಕೇಳಿಸಿಕೊಂಡಿರುವುದಿಲ್ಲ. ಟಿಕೆಟ್, ರಸೀದಿ, ಬಸ್ಸಿನ ಎಲ್‌ಇಡಿ ಬೋರ್ಡು ಇಂಥ ಕಡೆ ಒತ್ತಿಲ್ಲದ ಕನ್ನಡ ಕಂಡರೆ ಜನ ಅದನ್ನೇ ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಒಪ್ಪಿಕೊಳ್ಳಬಾರದು ಅನ್ನುತ್ತೇನೆ. ಒತ್ತು ಅಲಂಕಾರ ಅಲ್ಲ, ಅದು ಅಕ್ಷರ.

ಇದೇ ಜಾತಿಯ ಇನ್ನೊಂದು ತೊಂದರೆ, ಪದವನ್ನು ಮೊಟಕು ಮಾಡುವುದು. ಶಿವಮೊಗ್ಗ ಎಂಬ ಹೆಸರು 8 ಸಂಕೇತ. ಒಂದು ಅರ್ಜಿಯ ಖಾನೆಗೆ 7 ಸಂಕೇತ ಮಾತ್ರ ಎಂದು ಮಿತಿ ಹಾಕಿದ್ದರೆ ಅದು ಶಿವಮೊಗ್ ಆಗುತ್ತದೆ. ಇಂಗ್ಲಿಷಿನಲ್ಲಿ ಕೊನೆಯ ಅಕ್ಷರ ಹೋದರೆ ಒಂದು ಅಕ್ಷರ ಹೋಯಿತು, ಅಷ್ಟೆ. ಕನ್ನಡದಲ್ಲಿ ಒಂದು ಅಕ್ಷರದ ನಡುವೆಯೇ ಕತ್ತರಿ ಬೀಳುತ್ತದೆ.

ಎಲ್ಲಿ ಕತ್ತರಿಸಬಹುದು, ಕರ್ಸರ್ ಎಲ್ಲಿ ನಿಲ್ಲಬಹುದು ಎಂಬುದಕ್ಕೆ ಯೂನಿಕೋಡ್ ನಿಯಮಗಳನ್ನು ಕೊಟ್ಟಿದೆ. ಆ ನಿಯಮಗಳ ಪ್ರಕಾರ ಬಹಳ ಕಾಲದವರೆಗೆ ಗ್ಗ ಎಂಬುದು ಒಂದು ಘಟಕ ಅಲ್ಲ. ಗ್ ಒಂದು, ಗ ಇನ್ನೊಂದು. 2023ರಲ್ಲಿ ಬಂದ ಯೂನಿಕೋಡ್ 15.1 ಕೆಲವು ಲಿಪಿಗಳಿಗೆ ಮಾತ್ರ ಇದನ್ನು ತಿದ್ದಿತು. ಹಲಂತದಿಂದ ಕೂಡಿದ ವ್ಯಂಜನಗಳನ್ನು ಒಡೆಯಬೇಡಿ ಎಂಬ ಹೊಸ ನಿಯಮ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ತೆಲುಗಿಗೆ ಬೇಕಾದದ್ದು ಕನ್ನಡಕ್ಕೆ ಬೇಡ ಅನ್ನಲು ನನಗಂತೂ ಕಾರಣ ಕಾಣುವುದಿಲ್ಲ. ಯೂನಿಕೋಡ್‌ಗೆ ಯಾರು ಬೇಕಾದರೂ ಪ್ರಸ್ತಾವ ಬರೆದು ಕಳಿಸಬಹುದು. ಉದಾಹರಣೆ ಕೊಟ್ಟು, ಬರೆಯುವವರ ಅಭ್ಯಾಸ ತೋರಿಸಿ, ವಾದ ಮಂಡಿಸಬೇಕು. ಕನ್ನಡ ವಿಭಾಗದವರೂ ಕಂಪ್ಯೂಟರ್ ವಿಭಾಗದವರೂ ಜೊತೆಗೆ ಕೂತರೆ ಆಗುವ ಕೆಲಸ ಇದು. ಅಳಿಸುವ ಕೀಲಿಯ ಬಗ್ಗೆಯೂ ಹೀಗೇ ಯೋಚಿಸಬೇಕು. ಳ್ಳಿಯಲ್ಲಿ ಗುಡಿಸು ತಪ್ಪಾಗಿದ್ದರೆ ಬ್ಯಾಕ್‌ಸ್ಪೇಸ್ ಒತ್ತಿದಾಗ ಗುಡಿಸು ಮಾತ್ರ ಹೋಗಬೇಕು, ಇಡೀ ಅಕ್ಷರ ಹೋಗಬಾರದು. ಪ್ಯಾಂಗೊ ಇದಕ್ಕೆ ಬೇರೆಯದೇ ಗುರುತು ಇಟ್ಟುಕೊಂಡಿದೆ. ಕರ್ಸರ್ ನಿಲ್ಲುವ ಜಾಗ ಬೇರೆ, ಬ್ಯಾಕ್‌ಸ್ಪೇಸ್ ಅಳಿಸುವ ಅಳತೆ ಬೇರೆ. ಟೈಪ್ ಮಾಡುವವರ ಕೈಯನ್ನು ಬಲ್ಲವರು ಮಾಡಿದ ವ್ಯವಸ್ಥೆ ಅದು.

ಇಷ್ಟೆಲ್ಲ ಸರಿಯಿದೆ ಎಂದು ಪರೀಕ್ಷೆ ಮಾಡಿದವರು ಯಾರು ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಹಾರ್ಫ್‌ಬಝ್‌ನ ಭಾರತೀಯ ಲಿಪಿಗಳ ಭಾಗ ಬರೆಯುವಾಗ ಬೆಹದಾದ್ ಒಂದು ದಾರಿ ಹಿಡಿದರು. ಪ್ರತಿ ಲಿಪಿಯ ಲಕ್ಷಾಂತರ ಪದಗಳನ್ನು ತೆಗೆದುಕೊಂಡು, ವಿಂಡೋಸ್‌ನ ಅಂದಿನ ಶೇಪಿಂಗ್ ಸಾಫ್ಟ್‌ವೇರ್ ಕೊಡುವ ಫಲಿತಾಂಶದ ಜೊತೆ ಒಂದೊಂದಾಗಿ ಹೋಲಿಸಿದರು. ಕನ್ನಡದವು ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ಪದಗಳು. ಎಷ್ಟು ಹೊಂದುವುದಿಲ್ಲ ಎಂದು ಪ್ರತಿ ಬದಲಾವಣೆಯ ಜೊತೆ ಬರೆದಿಡುತ್ತ ಹೋದರು. ಕನ್ನಡದಲ್ಲಿ ಹೊಂದದ ಪದಗಳು ಶೇಕಡಾ ಒಂದಕ್ಕಿಂತ ಎಷ್ಟೋ ಕಡಿಮೆಗೆ ಇಳಿದವು. ಕನ್ನಡ ಅವರ ಮಾತೃಭಾಷೆ ಅಲ್ಲ. ಆದರೂ ನಮ್ಮ ಒತ್ತುಗಳ ಮೇಲೆ ಇಷ್ಟು ಶ್ರಮ ಹಾಕಿದ್ದಾರೆ. ಆ ಕೆಲಸದ ಬಗ್ಗೆ ನನಗೆ ತುಂಬು ಗೌರವ ಇದೆ.

ಆದರೆ ಹೋಲಿಕೆಗೆ ಒಂದು ಮಿತಿ ಇದೆ. ಇನ್ನೊಂದು ಸಾಫ್ಟ್‌ವೇರ್ ಏನು ಮಾಡುತ್ತದೋ ಅದೇ ಸರಿ ಎಂದು ಹೊರಟ ಹೋಲಿಕೆ ಅದು. ಹಳಗನ್ನಡದ ೞ, ಱ ಇರುವ ಪದಗಳು, ಮೂರು ಒತ್ತಿನ ಸಂಸ್ಕೃತ ಪದಗಳು, ಶಾಸನದ ಪಾಠಗಳು ಇಂಥವನ್ನು ಕಣ್ಣಿಟ್ಟು ನೋಡಬೇಕಾದವರು ನಾವು. ನಮ್ಮ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳಲ್ಲಿ ಇವೆ. ಬಿ. ಎಲ್. ರೈಸ್ ಅವನ್ನು 1902 ಮತ್ತು 1904ರಲ್ಲಿ ಹೊರತಂದರು. ಬಳ್ಳಿಗಾವೆಯ ಒಂದು ಶಾಸನವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ನಾಲ್ಕು ಫಾಂಟಿನಲ್ಲಿ ಹಾಕಿ, ಎಲ್ಲಿ ಆಕಾರ ಕೆಡುತ್ತದೆ ಎಂದು ಪಟ್ಟಿ ಮಾಡಿದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ಮಲೆನಾಡಿಗೆ ಇನ್ನೊಂದು ಕೆಲಸವೂ ಕಾದಿದೆ, ತಿಗಳಾರಿ ಲಿಪಿ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಆ ಲಿಪಿಯ ಓಲೆಗರಿಗಳು ಇವೆ. ಮಲೆನಾಡಿನ, ಕರಾವಳಿಯ ಎಷ್ಟೋ ಹಳೇ ಮನೆಗಳಲ್ಲೂ ಇವೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಆ ಲಿಪಿಗೆ ಜಾಗ ಸಿಕ್ಕಿತು. ಇಂಥ ಹೊಸ ಲಿಪಿಗಳಿಗೆಂದೇ ಹಾರ್ಫ್‌ಬಝ್‌ನಲ್ಲಿ ಎಲ್ಲ ಲಿಪಿಗೂ ಹೊಂದುವ ಒಂದು ಸಾಮಾನ್ಯ ವಿಭಾಗ ಇದೆ. ಹಾಗಾಗಿ ಪ್ರತಿಯೊಂದಕ್ಕೂ ಹೊಸದಾಗಿ ಕೋಡ್ ಬರೆಯುವ ಕಷ್ಟ ಇಲ್ಲ. ಆದರೆ ಒಳ್ಳೆಯ ಫಾಂಟ್ ಬೇಕು. ಆ ಫಾಂಟಿಗೆ ಯಾವ ಎರಡು ಅಕ್ಷರ ಕೂಡಿದರೆ ಯಾವ ಆಕಾರ ಬರುತ್ತದೆ ಎಂದು ಹೇಳುವವರು ಬೇಕು. ತಿಗಳಾರಿ ಓದಬಲ್ಲ ಹಿರಿಯರು ಇನ್ನೂ ಇರುವಾಗಲೇ ಇದು ಆಗಬೇಕು.

ಕೊನೆಗೆ, ನಿಮ್ಮಲ್ಲಿ ಹಲವರು ಕೇಳಿದ್ದು: ಅಕ್ಷರ ಒಡೆದದ್ದು ಕಂಡರೆ ಏನು ಮಾಡಬೇಕು?

ಮೊದಲು ತಪ್ಪು ಎಲ್ಲಿದೆ ಎಂದು ಹುಡುಕಿ. ಅದೇ ಪಠ್ಯವನ್ನು ಕಾಪಿ ಮಾಡಿ ಬೇರೆ ಆ್ಯಪ್‌ನಲ್ಲಿ ಅಂಟಿಸಿ. ಅದೇ ಫಾಂಟಿನಲ್ಲಿ ಅಲ್ಲಿ ಸರಿ ಕಂಡರೆ ತಪ್ಪು ಮೊದಲಿನ ಆ್ಯಪ್‌ನದ್ದು. ಅಲ್ಲೂ ಒಡೆದಿದ್ದರೆ ಫಾಂಟ್ ಬದಲಿಸಿ. ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಎರಡೂ ಉಚಿತವಾಗಿ ಸಿಗುತ್ತವೆ. ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಆದರೆ ಹೆಚ್ಚಾಗಿ ದೋಷ ಫಾಂಟಿನದು. ಎಲ್ಲ ಫಾಂಟಿನಲ್ಲೂ, ಎಲ್ಲ ಆ್ಯಪ್‌ನಲ್ಲೂ ಒಂದೇ ಥರ ತಪ್ಪಾದರೆ ಟೈಪ್ ಮಾಡಿದ್ದನ್ನೇ ಅನುಮಾನಿಸಿ, ಆ ಪದವನ್ನು ಪೂರ್ತಿ ಅಳಿಸಿ ಮತ್ತೆ ಟೈಪ್ ಮಾಡಿ. ಕಾಣದ ಚಿಹ್ನೆ ಸೇರಿಕೊಂಡಿದ್ದರೆ ಹೋಗುತ್ತದೆ. ಇಷ್ಟಾದರೂ ಉಳಿದರೆ ಶೇಪಿಂಗ್ ಲೈಬ್ರರಿಯನ್ನು ನೋಡಬೇಕು. ಹಾರ್ಫ್‌ಬಝ್ ಜೊತೆಗೇ ಎಚ್‌ಬಿ-ವ್ಯೂ, ಎಚ್‌ಬಿ-ಶೇಪ್ ಎಂಬ ಎರಡು ಚಿಕ್ಕ ಉಪಕರಣಗಳು ಇವೆ. ಮೊದಲನೆಯದು ಪದವನ್ನು ಚಿತ್ರವಾಗಿ ತೋರಿಸುತ್ತದೆ. ಎರಡನೆಯದು ಯಾವ ಸಂಕೇತಕ್ಕೆ ಯಾವ ಆಕಾರ ಆರಿಸಿದೆ ಎಂದು ಬರೆದು ಕೊಡುತ್ತದೆ. ಪ್ಯಾಂಗೊದಲ್ಲಿ ಪ್ಯಾಂಗೊ-ವ್ಯೂ ಇದೆ. ಕಂಪ್ಯೂಟರ್ ವಿದ್ಯಾರ್ಥಿಗಳು ಇವುಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು.

ಆಮೇಲೆ ವರದಿ ಮಾಡಿ. ಎರಡೂ ಲೈಬ್ರರಿಗಳ ಕೋಡ್ ಬಯಲಲ್ಲಿದೆ, ದೋಷ ತಿಳಿಸುವ ಜಾಗವೂ ಅಲ್ಲೇ ಇದೆ. ಉದ್ದ ಇಂಗ್ಲಿಷ್ ಬೇಕಿಲ್ಲ. ಪದವನ್ನು ಪಠ್ಯವಾಗಿ ಕೊಡಿ, ಬರೀ ಫೋಟೋ ಕಳಿಸಿದರೆ ಅವರು ಒಳಗಿನ ಸಂಕೇತ ನೋಡಲು ಆಗುವುದಿಲ್ಲ. ಫಾಂಟಿನ ಹೆಸರು ಮತ್ತು ಆವೃತ್ತಿ ಬರೆಯಿರಿ. ಈಗ ಹೇಗೆ ಕಾಣುತ್ತಿದೆ ಎಂಬುದರ ಸ್ಕ್ರೀನ್‌ಶಾಟ್ ಹಾಕಿ. ಹೇಗೆ ಕಾಣಬೇಕಿತ್ತು ಎಂದು ಒಂದು ಅಚ್ಚಾದ ಪುಸ್ತಕದ ಫೋಟೋ, ಅದೂ ಸಿಗದಿದ್ದರೆ ಕೈಯಲ್ಲಿ ಬರೆದದ್ದು ಸೇರಿಸಿ. ಸರಿಯಾದ ರೂಪದ ಚಿತ್ರ ಇಲ್ಲದಿದ್ದರೆ ಕನ್ನಡ ಬಾರದ ಪ್ರೋಗ್ರಾಮರ್‌ಗೆ ಯಾವುದು ತಪ್ಪು, ಯಾವುದು ಸರಿ ಎಂದು ತಿಳಿಯುವುದಿಲ್ಲ. ಪ್ರೆಸ್‌ನವರ ಹತ್ತಿರ ಹಳೇ ಅಚ್ಚಿನ ಮಾದರಿಗಳು ಎಷ್ಟೋ ಇವೆ. ಅವುಗಳನ್ನು ಸ್ಕ್ಯಾನ್ ಮಾಡಿ ಈ ವಿದ್ಯಾರ್ಥಿಗಳ ಕೈಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ.